ಗಂಟುಮೂಟೆ ಮೀಮಾಂಸೆ

ವಿಷಯಪ್ರವೇಶ

ಒಂದು ಊರಿನ ಗಂಟನ್ನು ಇನ್ನೊಂದು ಊರಿನವರೆಗೆ ಕಾಯುತ್ತಾ ಕೂರುವ ಕ್ರಿಯೆಗೆ ಪ್ರಯಾಣವೆಂದು ಹೆಸರು. ನಡುವೆ ಕಾಣುವ ಬೆಟ್ಟ, ಹೊಳೆ, ಜೋಳದ ಹೊಲಗಳೆಲ್ಲ ಆನುಷಂಗಿಕ. ಈ ಲಕ್ಷಣವನ್ನು ಒಪ್ಪದವರು ಮದುವೆ ಜವಳಿ ಹಿಡಿದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಬಂದವರಲ್ಲ, ಆದ್ದರಿಂದ ಅವರ ಆಕ್ಷೇಪ ಪರಿಗಣನೆಗೆ ಅರ್ಹವಲ್ಲ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಬೇಕು. ಇಲ್ಲಿ ವಿಷಯ: ಗಂಟು. ಪ್ರಯೋಜನ: ಇಳಿಯುವಾಗಲೂ ಗಂಟು ಇರುವುದು. ಸಂಬಂಧ: ಗಂಟಿಗೂ ಒಡೆಯನಿಗೂ ಸರಪಳಿಯ ಮೂಲಕ ಏರ್ಪಡುವಂಥದ್ದು. ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಯೋಗ್ಯನಾದವನು: ಸೈಡ್ ಅಪ್ಪರ್ ಬರ್ತ್ ಸಿಕ್ಕಿ, ಪೆಟ್ಟಿಗೆಯನ್ನು ಎದುರಿನ ಸೀಟಿನ ಕೆಳಗಿಟ್ಟು, ಬೆಳಗಿನವರೆಗೆ ಕತ್ತು ಬಗ್ಗಿಸಿ ನೋಡಿದವನು.

ಪ್ರಕರಣ ಒಂದು: ಹೊಣೆ

ಗಂಟು ಕಳೆದರೆ ತೆರುವವರು ಯಾರು? ಈ ಪ್ರಶ್ನೆಗೆ ಅತ್ಯಂತ ಹಿತವಾದ ಉತ್ತರ ಕೌಟಿಲ್ಯನದು. ಅರ್ಥಶಾಸ್ತ್ರದ ಪ್ರಕಾರ ಗಡಿ ಕಾಯುವ ಅಂತಪಾಲನು ಸರಕಿನ ಪ್ರತಿ ಬಂಡಿಗೆ ಒಂದೂಕಾಲು ಪಣ ದಾರಿಸುಂಕ ವಸೂಲಿ ಮಾಡಬೇಕು. ವರ್ತಕರ ಮಾಲು ಕಳೆದರೆ ಅಥವಾ ಕಳುವಾದರೆ ಅವನೇ ತುಂಬಿಕೊಡಬೇಕು. ಇಷ್ಟು ಪ್ರಯಾಣಿಕಸ್ನೇಹಿ ಗ್ರಂಥ ಶತಮಾನಗಳ ಕಾಲ ಕಣ್ಮರೆಯಾಗಿತ್ತು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಯ ಕಟ್ಟೊಂದರಲ್ಲಿ ಅದನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಕಳೆದ ಗಂಟು ಸಿಕ್ಕಿದ ಅಪರೂಪದ ಉದಾಹರಣೆಗಳ ಪೈಕಿ ಇದೂ ಒಂದು.

ನವೀನರ ಮತ ಬೇರೆ. 1989ರ ರೈಲ್ವೆ ಕಾಯ್ದೆಯ 100ನೇ ಕಲಮಿನಂತೆ, ಸಿಬ್ಬಂದಿ ಬುಕ್ ಮಾಡಿಕೊಂಡು ರಸೀದಿ ಕೊಟ್ಟ ಲಗೇಜಿಗೆ ಮಾತ್ರ ರೈಲ್ವೆ ಹೊಣೆ. ಪ್ರಯಾಣಿಕ ತಾನೇ ಜೊತೆಗೊಯ್ದದ್ದು ಹೋದರೆ, ಇಲಾಖೆಯ ಅಥವಾ ಸಿಬ್ಬಂದಿಯ ನಿರ್ಲಕ್ಷ್ಯ ಇಲ್ಲವೇ ದುರ್ನಡತೆಯಿಂದಲೇ ಹೋಯಿತೆಂದು ಸಾಧಿಸಬೇಕು. ಒಂದೂಕಾಲು ಪಣ ತೆಗೆದುಕೊಳ್ಳುವ ಪದ್ಧತಿ ಟಿಕೆಟ್ಟಿನ ರೂಪದಲ್ಲಿ ಉಳಿಯಿತು, ತುಂಬಿಕೊಡುವ ಪದ್ಧತಿ ಮಾತ್ರ ಗಡಿಯಲ್ಲೇ ಇಳಿದುಹೋಯಿತು.

ಹಾಗಾದರೆ ಬುಕ್ ಮಾಡಿಯೇ ಕಳಿಸೋಣ ಎಂದರೆ, ಬೆಲೆ ಘೋಷಿಸದ ಲಗೇಜಿಗೆ 1990ರ ನಿಯಮಗಳು ಗೊತ್ತುಮಾಡಿದ ಪರಿಹಾರದ ಮಿತಿ ಕಿಲೋಗೆ 100 ರೂಪಾಯಿ. ಹತ್ತು ಕಿಲೋ ಇಳಕಲ್ ಸೀರೆ ಹೋದರೂ 1,000, ಹತ್ತು ಕಿಲೋ ಖಡಕ್ ರೊಟ್ಟಿ ಹೋದರೂ 1,000. ಅದ್ವೈತವನ್ನು ಇಷ್ಟು ಕಟ್ಟುನಿಟ್ಟಾಗಿ ಆಚರಣೆಗೆ ತಂದ ಇಲಾಖೆ ಬೇರೊಂದಿಲ್ಲ. ಬೆಲೆ ಘೋಷಿಸಿ, ಅದಕ್ಕೆ ತಕ್ಕ ಶೇಕಡಾವಾರು ಶುಲ್ಕ ಕಟ್ಟಿದವರಿಗಷ್ಟೇ ಸೀರೆ ಮತ್ತು ರೊಟ್ಟಿಯ ನಡುವೆ ಭೇದ ಕಾಣಿಸುತ್ತದೆ.

ಪ್ರಕರಣ ಎರಡು: ಅಡಗು

ಹೊಣೆ ತನ್ನದೇ ಎಂದು ಅರಿತ ಪ್ರಯಾಣಿಕ ಬಚ್ಚಿಡುವ ವಿದ್ಯೆಗೆ ತೊಡಗುತ್ತಾನೆ. ಈ ವಿದ್ಯೆಯಲ್ಲಿ ನಾಲ್ಕು ದರ್ಶನಗಳಿವೆ.

ಮೊದಲನೆಯವರು ಚಡ್ಡಿಜೇಬುವಾದಿಗಳು. ಪಟಾಪಟಿ ಚಡ್ಡಿಗೆ ದರ್ಜಿ ಹೊಲಿದುಕೊಡುತ್ತಿದ್ದ ಒಳಜೇಬೇ ಇವರ ಮೂಲಪೀಠ. ಇವರನ್ನು ದೋಚುವುದು ಕಷ್ಟ. ಆದರೆ ಕಂಡಕ್ಟರು ಟಿಕೆಟ್ ಕೇಳಿದಾಗ ಇವರು ದುಡ್ಡು ತೆಗೆಯುವುದೂ ಅಷ್ಟೇ ಕಷ್ಟ. ಎರಡನೆಯವರು ಸೆರಗಿನ ಗಂಟಿನವರು ಮತ್ತು ರವಿಕೆಯ ಪುಟ್ಟ ಪರ್ಸಿನವರು, ಎಲ್ಲ ದರ್ಶನಗಳಲ್ಲೂ ಅತ್ಯಂತ ಯಶಸ್ವಿಗಳು. ಆದ್ದರಿಂದಲೇ ಇವರು ಗ್ರಂಥ ಬರೆಯುವ ಗೋಜಿಗೆ ಹೋಗಲಿಲ್ಲ. ಮೂರನೆಯವರು ತಲೆದಿಂಬಿನವರು. ಚೀಲವನ್ನು ತಲೆಗೆ ಕೊಟ್ಟುಕೊಂಡು ಮಲಗಿ, ಚೀಲದೊಂದಿಗೆ ಕತ್ತಿನ ನೋವನ್ನೂ ಊರು ಮುಟ್ಟಿಸುತ್ತಾರೆ.

ನಾಲ್ಕನೆಯದಾದ ಸೊಂಟಪಟ್ಟಿ ಮತಕ್ಕೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಕೀರ್ತಿಯಿದೆ. 2005ರಲ್ಲಿ ಕಾಶಿ ವಿಶ್ವನಾಥ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ ಹೊರಟ ವ್ಯಾಪಾರಿಯೊಬ್ಬರು ಸೊಂಟದ ಬೆಲ್ಟಿನಲ್ಲಿ ಒಂದು ಲಕ್ಷ ರೂಪಾಯಿ ಕಟ್ಟಿಕೊಂಡು ಮಲಗಿದ್ದರು. ಎದ್ದಾಗ ದುಡ್ಡು ಇರಲಿಲ್ಲ. ಜಿಲ್ಲಾ, ರಾಜ್ಯ, ರಾಷ್ಟ್ರೀಯ ಹೀಗೆ ಮೂರೂ ಹಂತದ ಗ್ರಾಹಕ ವೇದಿಕೆಗಳಲ್ಲಿ ಅವರೇ ಗೆದ್ದರು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶಗಳನ್ನು ರದ್ದುಮಾಡಿತು. ಪ್ರಯಾಣಿಕನಿಗೇ ಕಾಯ್ದುಕೊಳ್ಳಲಾಗದ ವಸ್ತು ಕಳುವಾದರೆ ಅದನ್ನು ರೈಲ್ವೆಯ ಸೇವಾಲೋಪ ಎನ್ನಲಾಗದು ಎಂಬುದು ತೀರ್ಪಿನ ತಾತ್ಪರ್ಯ. ಹದಿನೆಂಟು ವರ್ಷದ ವಾದದ ನಂತರ ಸೊಂಟವು ಖಾಸಗಿ ಪ್ರದೇಶವೆಂದು ಸಿದ್ಧವಾಯಿತು.

ಬಚ್ಚಿಟ್ಟವರನ್ನು ಕೆಡಿಸುವುದು ಬಸ್‌ಸ್ಟ್ಯಾಂಡಿನ ಒಂದು ಬೋರ್ಡು: ‘ಜೇಬುಗಳ್ಳರಿದ್ದಾರೆ, ಎಚ್ಚರಿಕೆ’. ಓದಿದ ಕೂಡಲೇ ಪ್ರತಿಯೊಬ್ಬನ ಕೈಯೂ ದುಡ್ಡಿದ್ದಲ್ಲಿಗೆ ಹೋಗಿ ಮುಟ್ಟಿ ಬರುತ್ತದೆ. ಹೊಗೆ ಕಂಡಲ್ಲಿ ಬೆಂಕಿ ಇದೆಯೆಂದು ಊಹಿಸಲು ನೈಯಾಯಿಕನಿಗೆ ಐದು ಅವಯವಗಳ ವಾಕ್ಯ ಬೇಕಾಯಿತು. ಬೋರ್ಡಿನ ಪಕ್ಕ ನಿಂತ ಜೇಬುಗಳ್ಳನಿಗೆ ಎರಡು ಬೆರಳು ಸಾಕು.

ಪ್ರಕರಣ ಮೂರು: ಬಂಧನ

ರೈಲಿನ ಕೆಳಬರ್ತಿನ ಅಡಿಯಲ್ಲಿ ತಂತಿಯ ಕುಣಿಕೆಗಳಿರುತ್ತವೆ. ಅವು ಪೆಟ್ಟಿಗೆಗೆ ಸರಪಳಿ ಹಾಕಿ ಬೀಗ ಜಡಿಯುವುದಕ್ಕಾಗಿಯೇ ಇವೆ. ಪ್ಲಾಟ್‌ಫಾರಂನಲ್ಲಿ ‘ಚೈನು, ಬೀಗ’ ಎಂದು ಕೂಗುತ್ತಾ ಮಾರುವವನು ಈ ಪ್ರಕರಣದ ಅಧಿಕೃತ ಭಾಷ್ಯಕಾರ. ಬೀಗದ ಕೈ ಮಾತ್ರ ಪೆಟ್ಟಿಗೆಯೊಳಗೆ ಉಳಿದು, ಯಶವಂತಪುರ ಬರುವಾಗ ಒಡೆಯನೇ ತನ್ನ ಸರಪಳಿಯನ್ನು ಕಲ್ಲಿನಿಂದ ಜಜ್ಜುವ ಸಂದರ್ಭವೂ ಬರಬಹುದು. ಅದನ್ನು ಶಾಸ್ತ್ರವು ಸ್ವಚೌರ್ಯ ಎಂದು ಬೇರೆ ಮಾಡುತ್ತದೆ.

ಜಿಪ್ಪಿನ ಪೆಟ್ಟಿಗೆಗೆ ಬೀಗ ಹಾಕುವುದು ಕೇವಲ ಕರ್ಮಕಾಂಡ. ಬಾಲ್‌ಪೆನ್ನಿನ ಮೊನೆಯನ್ನು ಹಲ್ಲುಗಳ ನಡುವೆ ಒತ್ತಿದರೆ ಜಿಪ್ಪು ಬಾಯಿ ಬಿಡುತ್ತದೆ. ಬೀಗ ಸಮೇತ ಜಿಪ್ಪಿನ ಹಿಡಿಗಳನ್ನು ಒಂದು ಸುತ್ತು ಓಡಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬೀಗ ಅಲುಗಿರುವುದಿಲ್ಲ, ಒಳಗಿನದಷ್ಟೇ ಅಲುಗಿರುತ್ತದೆ.

ವಿದೇಶಯಾತ್ರಿಗಳ ಬೀಗದ ಕಥೆ ಇನ್ನೂ ತತ್ತ್ವಪೂರ್ಣ. ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಸಿಬ್ಬಂದಿ ಒಡೆಯದೆ ತೆರೆಯಲೆಂದು ಟಿಎಸ್‌ಎ ಗುರುತಿನ ಬೀಗಗಳಿವೆ. ಲೋಕದ ಅಷ್ಟೂ ಪೆಟ್ಟಿಗೆಗಳಿಗೆ ಬೆರಳೆಣಿಕೆಯಷ್ಟು ಮಾಸ್ಟರ್ ಕೀಲಿಗಳು. 2014ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಲಗೇಜ್ ಕುರಿತ ಲೇಖನದ ಜೊತೆ ಆ ಕೀಲಿಗಳ ಫೋಟೋವನ್ನೇ ಹಾಕಿತು. ಮರುವರ್ಷ ಆ ಚಿತ್ರ ನೋಡಿದ ಉತ್ಸಾಹಿಗಳು ತ್ರಿಡಿ ಪ್ರಿಂಟರಿನಲ್ಲಿ ಕೀಲಿ ತೆಗೆಯುವ ನಕ್ಷೆಗಳನ್ನು ಇಂಟರ್ನೆಟ್ಟಿಗೆ ಬಿಟ್ಟರು. ಅಂದಿನಿಂದ ಆ ಬೀಗ ಸಿಬ್ಬಂದಿ ಮತ್ತು ಸಾರ್ವಜನಿಕರೆಂಬ ಭೇದ ಎಣಿಸುವುದಿಲ್ಲ.

ಪ್ರಕರಣ ನಾಲ್ಕು: ಚೋರಪಕ್ಷ

ಎದುರು ಪಕ್ಷದ ಗ್ರಂಥಗಳನ್ನು ಓದದೆ ಮೀಮಾಂಸೆ ಮಾಡಬಾರದು. ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕ ಈ ಪಕ್ಷದ ಆಚಾರ್ಯ. ಕಾರ್ತಿಕೇಯನನ್ನು ನೆನೆದು, ಜನಿವಾರವನ್ನೇ ಅಳತೆ ದಾರ ಮಾಡಿಕೊಂಡು, ಕಮಲ, ಸೂರ್ಯ, ಎಳೆಚಂದ್ರ ಮುಂತಾದ ಕನ್ನದ ಆಕಾರಗಳನ್ನು ವಿಮರ್ಶಿಸಿ, ಕೊನೆಗೆ ಸುಟ್ಟ ಇಟ್ಟಿಗೆಗೆ ಪೂರ್ಣಕುಂಭವೇ ಒಪ್ಪುತ್ತದೆಂದು ತೀರ್ಮಾನಿಸುವವನು ಅವನು. ಗಮನಿಸಬೇಕಾದ ಅಂಶವೆಂದರೆ, ಇಷ್ಟೆಲ್ಲ ಶಾಸ್ತ್ರೋಕ್ತವಾಗಿ ಒಳಹೊಕ್ಕ ಶರ್ವಿಲಕ ಒಡವೆಯನ್ನು ಕದಿಯಲೇ ಇಲ್ಲ. ಕಾವಲಿಗಿದ್ದ ಮೈತ್ರೇಯ ನಿದ್ದೆಗಣ್ಣಿನಲ್ಲಿ ಅವನನ್ನೇ ಗೆಳೆಯ ಚಾರುದತ್ತನೆಂದು ಬಗೆದು, ಒಡವೆಯ ಗಂಟನ್ನು ಅವನ ಕೈಗೇ ಕೊಟ್ಟ.

ಈಗಿನವರಲ್ಲಿ ಆ ಸೌಂದರ್ಯಪ್ರಜ್ಞೆ ಉಳಿದಿಲ್ಲ. ಬಿಸ್ಕತ್ತಿಗೆ, ಚಹಾಕ್ಕೆ ನಿದ್ದೆಯ ಮದ್ದು ಬೆರೆಸಿ ಕೊಡುವವರು ಮೈತ್ರೇಯನ ನಿದ್ದೆಯನ್ನು ಕೃತಕವಾಗಿ ತಯಾರಿಸುತ್ತಾರೆ. ಮುಂಬೈಯ ಲೋಕಲ್ ರೈಲುಗಳ ಪಕ್ಕ ಹಳಿಯಂಚಿನಲ್ಲಿ ನಿಂತು, ಬಾಗಿಲಲ್ಲಿ ಮೊಬೈಲು ನೋಡುವವರ ಕೈಗೆ ಕೋಲಿನಿಂದ ಹೊಡೆಯುವ ‘ಫಟ್ಕಾ’ ತಂಡಗಳು ಅಷ್ಟು ತಾಳ್ಮೆಯನ್ನೂ ತೋರುವುದಿಲ್ಲ. ಏಟಿಗೆ ಮೊಬೈಲಿನ ಜೊತೆ ಮನುಷ್ಯನೇ ಕೆಳಗೆ ಬಿದ್ದ ಪ್ರಸಂಗಗಳಿರುವುದರಿಂದ ಶಾಸ್ತ್ರವು ಇಲ್ಲಿ ನಗುವನ್ನು ನಿಷೇಧಿಸುತ್ತದೆ.

ಕಳ್ಳ ಯಾವಾಗಲೂ ಹೊರಗಿನಿಂದ ಬರುತ್ತಾನೆ ಎಂಬ ಪೂರ್ವಗ್ರಹವೂ ನಿಲ್ಲುವುದಿಲ್ಲ. 2017-18ರ ಒಂದೇ ವರ್ಷದಲ್ಲಿ ತನ್ನ ರೈಲುಗಳಿಂದ ಸುಮಾರು 1.95 ಲಕ್ಷ ಟವೆಲ್, 81 ಸಾವಿರಕ್ಕೂ ಹೆಚ್ಚು ಬೆಡ್‌ಶೀಟು, 5 ಸಾವಿರ ದಿಂಬು ಹೋದವೆಂದು ಪಶ್ಚಿಮ ರೈಲ್ವೆ ಲೆಕ್ಕ ಕೊಟ್ಟಿತು. 2017ರ ಮೇ ತಿಂಗಳಲ್ಲಿ ಮುಂಬೈ-ಗೋವಾ ತೇಜಸ್ ಎಕ್ಸ್‌ಪ್ರೆಸ್ ಮೊದಲ ಓಟ ಮುಗಿಸುವಷ್ಟರಲ್ಲಿ ಹೆಡ್‌ಫೋನುಗಳು ಇಳಿದುಹೋಗಿದ್ದವು. ತನ್ನ ಪೆಟ್ಟಿಗೆಗೆ ಎರಡು ಬೀಗ ಜಡಿದವನೇ ಇಳಿಯುವಾಗ ರೈಲ್ವೆಯ ಟವೆಲನ್ನು ಅದೇ ಪೆಟ್ಟಿಗೆಯೊಳಗೆ ಭದ್ರಪಡಿಸುತ್ತಾನೆ. ಶೌಚಾಲಯದ ಸ್ಟೀಲ್ ಮಗ್ಗಿಗೆ ಸರಪಳಿ ಏಕೆ ಬಂತೆಂಬ ಜಿಜ್ಞಾಸೆ ಇಲ್ಲಿಗೆ ಪರಿಹಾರವಾಯಿತು. ಅಪನಂಬಿಕೆಯ ವಿಷಯದಲ್ಲಿ ಇಲಾಖೆಗೂ ಪ್ರಯಾಣಿಕನಿಗೂ ಮತಭೇದವಿಲ್ಲ, ಇಬ್ಬರೂ ಸರಪಳಿವಾದಿಗಳೇ.

ಪ್ರಕರಣ ಐದು: ನ್ಯಾಸ

ಈಗ ಸಿದ್ಧಾಂತಪಕ್ಷ. ಸರಪಳಿ ಹಾಕಿ, ಬೀಗ ಜಗ್ಗಿ ನೋಡಿ, ಯಾರನ್ನೂ ನಂಬದೆ ಕುಳಿತ ಈ ಮನುಷ್ಯನಿಗೆ ಹಾವೇರಿ ದಾಟುವಷ್ಟರಲ್ಲಿ ಶೌಚಾಲಯದ ನೆನಪಾಗುತ್ತದೆ. ಆಗ ಅವನು ಹೆಸರು, ಊರು ಯಾವುದೂ ಗೊತ್ತಿಲ್ಲದ ಎದುರು ಸೀಟಿನವರ ಕಡೆ ತಿರುಗುತ್ತಾನೆ.

“ಅಣ್ಣಾರ, ಈ ಬ್ಯಾಗಿನ ಕಡೆ ಸ್ವಲ್ಪ ಲಕ್ಷ್ಯ ಇರ್ಲಿ, ಈಗ ಬಂದೆ.”

“ಹೋಗಿ ಬರ್ರಿ, ನಾ ಅದೀನಲ್ಲ.”

ಕಳ್ಳನಿರಬಹುದೆಂಬ ಗುಮಾನಿಯಿಂದ ಯಾರ ಬಿಸ್ಕತ್ತನ್ನು ಬೇಡವೆಂದನೋ ಅವರಿಗೇ ಲ್ಯಾಪ್‌ಟಾಪು, ಒಡವೆ, ಲಗ್ನಪತ್ರಿಕೆಗಳ ಸಮೇತ ಸರ್ವಸ್ವವನ್ನೂ ಒಪ್ಪಿಸಿ ಹೋಗುತ್ತಾನೆ. ಇದೇ ನ್ಯಾಸ. ತಾರ್ಕಿಕರು ಇದನ್ನು ವದತೋವ್ಯಾಘಾತ ಎಂದು ಹಳಿಯಬಹುದು. ಆದರೆ ಪ್ರಯೋಗವು ಪ್ರಯಾಣಿಕನ ಪರವಾಗಿದೆ.

1975ರಲ್ಲಿ ಥಾಮಸ್ ಮೊರಿಯಾರ್ಟಿ ಎಂಬ ಮನಶ್ಶಾಸ್ತ್ರಜ್ಞ ನ್ಯೂಯಾರ್ಕಿನ ಕಡಲತೀರದಲ್ಲಿ ಮಾಡಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದ. ಅವನ ಸಹಾಯಕನೊಬ್ಬ ಹಾಸಿದ ಬಟ್ಟೆಯ ಮೇಲೆ ರೇಡಿಯೋ ಬಿಟ್ಟು ಎದ್ದು ಹೋಗುವನು. ಸ್ವಲ್ಪ ಹೊತ್ತಿಗೆ ‘ಕಳ್ಳ’ನೊಬ್ಬ ಬಂದು ರೇಡಿಯೋ ಎತ್ತಿಕೊಂಡು ನಡೆಯುವನು. ಹೋಗುವ ಮುನ್ನ ಪಕ್ಕದವರಿಗೆ ಏನೂ ಒಪ್ಪಿಸದಿದ್ದಾಗ 20 ಮಂದಿಯಲ್ಲಿ ನಾಲ್ವರು ಮಾತ್ರ ಕಳ್ಳನನ್ನು ತಡೆದರು. ‘ನನ್ನ ಸಾಮಾನು ನೋಡಿಕೊಳ್ಳಿ’ ಎಂದು ಹೇಳಿ ಹೋದಾಗ 20ರಲ್ಲಿ 19 ಮಂದಿ ತಡೆದರು. ಅಂದರೆ ಅಪರಿಚಿತನು ಕಳ್ಳನೂ ಅಲ್ಲ, ಕಾವಲುಗಾರನೂ ಅಲ್ಲ. ಒಪ್ಪಿಸಿದ ಕ್ಷಣದಿಂದ ಅವನು ಅಂತಪಾಲನಾಗುತ್ತಾನೆ, ಅದೂ ಒಂದೂಕಾಲು ಪಣ ಕೇಳದೆ. ಮೈತ್ರೇಯನ ತಪ್ಪು ಗಂಟನ್ನು ಇನ್ನೊಬ್ಬರಿಗೆ ಕೊಟ್ಟದ್ದರಲ್ಲಿ ಇರಲಿಲ್ಲ, ನಿದ್ದೆಯಲ್ಲಿ ಕೊಟ್ಟದ್ದರಲ್ಲಿತ್ತು.

ಪ್ರಾಯಶ್ಚಿತ್ತ ವಿಧಿ

ಇಷ್ಟಾಗಿಯೂ ಗಂಟು ಹೋದರೆ: ಇಳಿದು ಹುಡುಕುತ್ತಾ ರೈಲು ತಪ್ಪಿಸಿಕೊಳ್ಳಬೇಕಿಲ್ಲ. ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಬಹುದು. ಓಡುವ ರೈಲಿನಲ್ಲೇ ಟಿಟಿಇ, ಗಾರ್ಡ್ ಅಥವಾ ಬೆಂಗಾವಲಿನ ಪೊಲೀಸರಿಂದ ದೂರಿನ ಫಾರಂ ಪಡೆದು ಬರೆದುಕೊಡಬಹುದು. ಕಳುವು ಯಾವ ಠಾಣೆಯ ಸರಹದ್ದಿನಲ್ಲಿ ಆಯಿತೆಂಬ ಭೂಗೋಳದ ಚರ್ಚೆ ದೂರು ದಾಖಲಿಸಲು ಅಡ್ಡಿಯಾಗಬಾರದೆಂದು 2024ರ ಜುಲೈಯಿಂದ ಜಾರಿಯಲ್ಲಿರುವ ದಂಡ ಪ್ರಕ್ರಿಯೆಯ ಹೊಸ ಸಂಹಿತೆಯೇ ಹೇಳುತ್ತದೆ. ಮರೆತು ಬಿಟ್ಟದ್ದಾದರೆ ರೈಲ್ವೆ ರಕ್ಷಣಾ ದಳದ ‘ಆಪರೇಷನ್ ಅಮಾನತ್’ ಇದೆ, ಸಿಕ್ಕ ಸಾಮಾನನ್ನು ಒಡೆಯರಿಗೆ ಮುಟ್ಟಿಸುವುದೇ ಅದರ ಕೆಲಸ. ಮೊಬೈಲು ಹೋದವರು ಸಂಚಾರ ಸಾಥಿ ಜಾಲತಾಣದಲ್ಲಿ ಅದನ್ನು ನಿಷ್ಕ್ರಿಯಗೊಳಿಸಬಹುದು. ಅದಕ್ಕೆ ಬೇಕಾದ 15 ಅಂಕಿಯ ಐಎಂಇಐ ಸಂಖ್ಯೆ *#06# ಒತ್ತಿದರೆ ಕಾಣುತ್ತದೆ. ಬಹುಮಂದಿ ಅದನ್ನು ಬರೆದಿಡುವುದು ಅದೇ ಮೊಬೈಲಿನಲ್ಲಿ.

ಶೇಷಪ್ರಶ್ನೆ

ನ್ಯಾಸಸಿದ್ಧಾಂತಕ್ಕೆ ಒಂದು ಅನವಸ್ಥಾದೋಷ ಉಳಿದಿದೆ. ಬ್ಯಾಗು ಒಪ್ಪಿಸಿಕೊಂಡವರಿಗೆ ದಾವಣಗೆರೆಯಲ್ಲಿ ಚಹಾ ಬೇಕಾಗುತ್ತದೆ. ಅವರು ಎರಡೂ ಬ್ಯಾಗುಗಳನ್ನು ಮಗ್ಗುಲಿನ ಅಮ್ಮನವರಿಗೆ ಒಪ್ಪಿಸುತ್ತಾರೆ, ಆ ಅಮ್ಮ ಮೂರನ್ನೂ ಕಿಟಕಿ ಪಕ್ಕದ ಹುಡುಗನಿಗೆ ಒಪ್ಪಿಸಿ ಕೈತೊಳೆಯಲು ಏಳುತ್ತಾರೆ. ಹುಡುಗ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಿದ್ದಾನೆ, ತಲೆಯಾಡಿಸಿದ್ದು ಒಪ್ಪಿಗೆಗೋ ಹಾಡಿಗೋ ಎಂಬುದು ವಿವಾದಾಸ್ಪದ. ಮೇಲಾಗಿ ಅವನ ಟಿಕೆಟ್ ಇರುವುದು ಬೀರೂರಿನವರೆಗೆ ಮಾತ್ರ. ಈ ಬಗ್ಗೆ ವಿದ್ವಾಂಸರು ಚರ್ಚಿಸುತ್ತಿರುವಾಗಲೇ ಗಾಡಿ ಚಿಕ್ಕಜಾಜೂರು ಬಿಟ್ಟಿದೆ.