ಪೂಜೆಗೆ ಸಿಗದ ಭಾಗಗಳು

ಎಂಜಿನ್ನಿನ ಶಕ್ತಿಯನ್ನು ಹಿಂಗಾಲಿಗಳಿಗೆ ಮುಟ್ಟಿಸುವ ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಆಕ್ಸಲ್‌ಗಳೆಲ್ಲ ಟ್ರ್ಯಾಕ್ಟರಿನ ಹೊಟ್ಟೆಯೊಳಗೆ ಕಣ್ಣಿಗೆ ಬೀಳದಂತೆ ಕೂತಿರುತ್ತವೆ. ಸದಲಗಾದ ಕಬ್ಬಿನ ಸೀಮೆಯಲ್ಲಿ ಇವುಗಳ ಕಷ್ಟಕ್ಕೆ ಈ ಮರೆಯ ವಾಸವೇ ಮೂಲ. ಖಂಡೇನವಮಿಗೆ ಬಾನೆಟ್ಟಿಗೆ ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ಲಿಂಬೆಹಣ್ಣು, ಮಡ್‌ಗಾರ್ಡಿನ ಮೇಲಿನ ಮಕ್ಕಳ ಹೆಸರಿಗೆ ಹೊಸ ಬಣ್ಣ. ಡ್ರೇನ್ ಪ್ಲಗ್ಗಿಗೆ ಕುಂಕುಮ ಹಚ್ಚಿದವರಿಲ್ಲ. ಹಬ್ಬದ ಬೆನ್ನಿಗೇ ಸಕ್ಕರೆ ಕಾರ್ಖಾನೆಗಳ ಹಂಗಾಮು. ಆಮೇಲೆ ಗಾಡಿ ನಿಲ್ಲಿಸಿ ಅದರ ಕೆಳಗೆ ಮಲಗಲು ಯಾರಿಗೂ ಪುರಸೊತ್ತಿಲ್ಲ.

ತಪಾಸಣೆಯ ಮೊದಲ ಹೆಜ್ಜೆ ಹಾಡು ಬಂದ್ ಮಾಡುವುದು. ಕಬ್ಬು ಹೇರಿದ ಎರಡೆರಡು ಟ್ರ್ಯಾಲಿ ಎಳೆಯುವ ಗಾಡಿಯ ಸ್ಪೀಕರುಗಳ ಅಬ್ಬರದಲ್ಲಿ ಬೇರಿಂಗಿನ ಕರಕರ ಚಾಲಕನಿಗೆ ಕೇಳುವುದಿಲ್ಲ. ಮಿಸ್ತ್ರಿಗೆ ಮಾತ್ರ ಅದೇ ಜಾತಕ. ಕ್ಲಚ್ ಒತ್ತಿದಾಗಷ್ಟೇ ಸದ್ದು ಬಂದರೆ ರಿಲೀಸ್ ಬೇರಿಂಗಿನ ಮೇಲೆ ಅನುಮಾನ. ತಿರುವಿನಲ್ಲಿ ಮಾತ್ರ ಬಂದರೆ ಡಿಫರೆನ್ಷಿಯಲ್ಲಿನ ಸಣ್ಣ ಗೇರುಗಳ ಮೇಲೆ. ಕ್ಲಚ್ ಪೆಡಲನ್ನು ಕಾಲಿಡುವ ಮಣೆಯೆಂದು ತಿಳಿದವರ ಗಾಡಿಯಲ್ಲಿ ಮೊದಲನೆಯದು ಬೇಗ ಬರುತ್ತದೆ.

ಮುಂದಿನದು ಎಣ್ಣೆ. ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹೈಡ್ರಾಲಿಕ್‌ಗಳಿಗೆ ಅನೇಕ ಮಾದರಿಗಳಲ್ಲಿ ಒಂದೇ ಎಣ್ಣೆ. ಒಂದು ಕಡೆಯ ಹೊಲಸು ಮೂರೂ ಕಡೆ ತಿರುಗುತ್ತದೆ. ಗ್ಯಾರೇಜಿನ ಸಂಭಾಷಣೆ ಸಾಮಾನ್ಯವಾಗಿ ಹೀಗಿರುತ್ತದೆ:

“ಸಾವ್ಕಾರ್ರ, ಗೇರ್ ಆಯಿಲ್ ಯಾವಾಗ ಬದಲಿ ಮಾಡೀರಿ?”

“ತಗೊಂಡಾಗ ಶೋರೂಮಿನವ್ರು ಹಾಕಿದ್ರಲ್ಲೋ!”

ಎಣ್ಣೆಯನ್ನು ಗಾಡಿ ಓಡಿ ಬಿಸಿಯಾಗಿದ್ದಾಗಲೇ ಇಳಿಸಬೇಕು. ಆಗ ತಳದ ಕೆಸರೂ ಜೊತೆಗೆ ಬರುತ್ತದೆ. ಅಯಸ್ಕಾಂತವಿರುವ ಪ್ಲಗ್ಗಿಗೆ ಬೂದುಬಣ್ಣದ ನುಣುಪು ಲೇಪ ಅಂಟಿದ್ದರೆ ಅದು ವಯಸ್ಸಿನ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಎಲ್ಲೋ ಒಂದು ಹಲ್ಲು ಮುರಿದಿದೆ, ಹೌಸಿಂಗ್ ಬಿಚ್ಚುವುದು ತಪ್ಪದು. ಎಣ್ಣೆ ಬಿಳಿಚಿಕೊಂಡು ನೊರೆಗಟ್ಟಿದ್ದರೆ ಒಳಗೆ ನೀರು ಸೇರಿದೆ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ದೂಧಗಂಗಾ ದಂಡೆ ಮೀರಿ ಬಂದಾಗ ಮುಳುಗಿದಂಥ ಗಾಡಿಗಳನ್ನು ಎಣ್ಣೆ ನೋಡದೆ ಚಾಲೂ ಮಾಡುವುದೆಂದರೆ ಬೇರಿಂಗುಗಳಿಗೆ ತುಕ್ಕಿನ ಕರೆಯೋಲೆ ಕೊಟ್ಟಂತೆ.

ರೋಟರ್ ತಿರುಗಿಸುವ ಪಿಟಿಒ ಶಾಫ್ಟ್ ಮಾತ್ರ ಹೊರಗೆ ಕಾಣುತ್ತದೆ. ಅದು ನಿಮಿಷಕ್ಕೆ 540 ಸುತ್ತು ತಿರುಗುವಂಥದ್ದು. ಎಂಜಿನ್ ಪೂರ್ತಿ ನಿಲ್ಲಿಸಿ, ಹೆಗಲ ಮೇಲಿನ ಟಾವೆಲ್ ಬದಿಗಿಟ್ಟೇ ಕೈ ಹಾಕಬೇಕು. ಕಬ್ಬಿನ ರವದಿ ಇದಕ್ಕೆ ಹಗ್ಗದ ಹಾಗೆ ಸುತ್ತಿಕೊಂಡು ಒಳಸರಿದು ಸೀಲ್ ಕೆಡಿಸುತ್ತದೆ. ಅದನ್ನು ಕುಡುಗೋಲಿನಿಂದ ಬಿಡಿಸುವುದೇ ಅರ್ಧ ಸರ್ವಿಸ್. ಶಾಫ್ಟನ್ನು ಕೈಯಲ್ಲಿ ಹಿಡಿದು ಅಲುಗಿಸಿದಾಗ ಜಾಯಿಂಟಿನಲ್ಲಿ ಲಟಕ್ ಎಂದರೆ ಕ್ರಾಸ್ ಮುಗಿದಿದೆ. ಗಟ್ಟಿಯಿದ್ದರೆ, ಕ್ರಾಸಿನ ನಾಲ್ಕೂ ತುದಿಯಿಂದ ಹಳೆಯ ಗ್ರೀಸ್ ಹೊರಬರುವ ತನಕ ಗ್ರೀಸ್ ಗನ್ ಒತ್ತಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ, ಮೊದಲು ಒಣಗಿ ಸಾಯುವುದು ಆ ಒಂದೇ.

ಎರಡೂ ಹಿಂಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಕೆಡುವುದು ಎರಿ ಮಣ್ಣಿನಲ್ಲಿ, ಅದೂ ಸುತ್ತಲಿನವರ ಸಲಹೆಯಿಂದ. ಒಂದು ಗಾಲಿ ಹುಗಿದುಕೊಂಡು ತಿರುಗುತ್ತಿರುವಾಗಲೇ “ಒತ್ತೋ!” ಎಂದು ಹತ್ತು ಜನ ಕೂಗುತ್ತಾರೆ, ಒತ್ತಿದರೆ ಲಾಕಿನ ಹಲ್ಲೇ ಮುರಿದೀತು. ಗಾಲಿ ನಿಲ್ಲಿಸಿ, ಲಾಕ್ ಹಾಕಿ, ನೆಟ್ಟಗೆ ಎಳೆದು, ತಿರುಗಿಸುವ ಮುನ್ನ ಬಿಡಿಸಬೇಕು.

ಕೊನೆಯದು ಬ್ರೀದರ್, ಹೌಸಿಂಗಿನ ಉಸಿರುಗಂಡಿ. ಇದಕ್ಕೆ ಕೆಸರು ಮೆತ್ತಿದರೆ ಒಳಗಿನ ಒತ್ತಡ ಆಕ್ಸಲ್ ಸೀಲಿನಿಂದ ಎಣ್ಣೆಯನ್ನು ಹೊರದಬ್ಬುತ್ತದೆ. ಜನ ಸೀಲಿನ ಕಂಪನಿಯನ್ನು ಬೈಯುತ್ತಾರೆ. ಹೊಸ ಸೀಲ್ ಹಾಕಿದರೂ ಅದೇ ಗತಿ. ಮುಚ್ಚಳ ತೆಗೆದು ಡೀಸೆಲ್‌ನಲ್ಲಿ ತೊಳೆದು ಮತ್ತೆ ಕೂರಿಸಿದರೆ ಮುಗಿಯಿತು.