ರೀ, ಗಾಂಧಾರ ಇಳೀತಿದೆ

ನಿವೃತ್ತಿಯಾದ ಹೊಸತರಲ್ಲಿ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಮೆಂತ್ಯದ ಡಬ್ಬಿಗೆ ಸಾಸಿವೆ ಎಂದು ಅಂಟಿಸಿದ್ದು ಒಗ್ಗರಣೆಯಲ್ಲಿ ಬಯಲಾದ ದಿನ ಹೆಂಡತಿ, "ನೀವು ಸಂಗೀತ ಕಲೀರಿ" ಎಂದಳು. ಅವಳ ಹತ್ತಿರ ಸಂಜೆ ಪಾಠಕ್ಕೆ ಬರುವ ಆರು ಮಕ್ಕಳ ಸಾಲಿನ ಕೊನೆಯಲ್ಲಿ, ಮಂಡಿನೋವಿನ ದೆಸೆಯಿಂದ ಕುರ್ಚಿ ಹಾಕಿಕೊಂಡು, ನಾನು ಏಳನೆಯವನಾದೆ.

ಮೊದಲ ಪಾಠಕ್ಕೆ ಮಾಯಾಮಾಳವಗೌಳವನ್ನು ಆರಿಸಿದ್ದು ಪುರಂದರದಾಸರು ಎನ್ನುತ್ತಾರೆ. ದಾಸರ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಕೇಳುತ್ತೇನೆ, ಅವರಿಗೆ ನನ್ನಂಥ ಶಿಷ್ಯರು ಸಿಕ್ಕಿರಲಿಲ್ಲವೇ? ಸ-ರಿ ಅಕ್ಕಪಕ್ಕದ ಮನೆ. ರಿ ಬಿಟ್ಟು ಅಂತರ ಗಾಂಧಾರಕ್ಕೆ ಹೋಗಬೇಕೆಂದರೆ ನಡುವೆ ಎರಡು ಮನೆ ದಾಟಿ ಹಾರಬೇಕು. ಹಾರಿ ಜಾಸ್ತಿಯಾದರೆ ಪಕ್ಕದಲ್ಲೇ ಮಧ್ಯಮ ಕಾದಿರುತ್ತದೆ. ಮಳೆಗಾಲದಲ್ಲಿ ನಮ್ಮ ಬೀದಿಯ ಚರಂಡಿ ಇದ್ದ ಹಾಗೆ. ಮಕ್ಕಳು ಚಪ್ಪಲಿ ಕೈಲಿ ಹಿಡಿದು ಜಿಗಿಯುತ್ತವೆ. ನಾನು ಒಂದು ಮನೆ ಮೊದಲೇ, ಸಾಧಾರಣ ಗಾಂಧಾರದಲ್ಲಿ, ಕಾಲು ಇಟ್ಟುಬಿಡುತ್ತೇನೆ.

"ರೀ, ಗಾಂಧಾರ ಇಳೀತಿದೆ!"

ಇದು ಬೆಳಗಿನ ಸಾಧನೆಯ ಹೊತ್ತಿಗೆ ಅಡುಗೆಮನೆಯಿಂದ ಬರುವ ಕೂಗು. ಮಿಕ್ಸಿ ತಿರುಗುತ್ತಿರಲಿ, ಕುಕ್ಕರ್ ಕೂಗುತ್ತಿರಲಿ, ಅವಳ ಕಿವಿಗೆ ನನ್ನ ಗಾಂಧಾರ ಮಾತ್ರ ತಪ್ಪುವುದಿಲ್ಲ. (ಹಾಲು ತನ್ನಿ ಅಂತ ಅವಳು ಹೇಳಿದ್ದು ನನಗೆ ಕೇಳಿಸುವುದಿಲ್ಲ, ಅದು ಬೇರೆ.)

ಒಂದು ಸ್ವರ ಇಳಿದರೆ ಏನು ಮಹಾ ಎಂದುಕೊಂಡಿದ್ದೆ. ಮಿಕ್ಕ ಆರೂ ಸರಿಯಿದ್ದು ಇದೊಂದು ಅರ್ಧ ಮೆಟ್ಟಿಲು ಇಳಿದರೂ, 15ನೇ ಮೇಳ ಮಾಯಾಮಾಳವಗೌಳದಲ್ಲಿ ಹೊರಟವನು 9ನೇ ಮೇಳ ಧೇನುಕದಲ್ಲಿ ಬಂದಿಳಿಯುತ್ತಾನಂತೆ. ಮಿಕ್ಕ ಆರು ಸರಿಯಿದ್ದವು ಎನ್ನುವುದು ನನ್ನ ಹೇಳಿಕೆ ಮಾತ್ರ. ಗಾಂಧಾರವೆಂದರೆ ಆಡಿನ ದನಿ ಎಂದು ನಾರದೀಯ ಶಿಕ್ಷೆಯಲ್ಲಿದೆ. ಅದನ್ನು ತಿಳಿದ ಮಗಳು, "ಅಪ್ಪ ಶಾಸ್ತ್ರೋಕ್ತವಾಗೇ ಹಾಡ್ತಿದ್ದಾರಮ್ಮ" ಎಂದಳು. "ಎಲ್ಲಿ? ಆಡು ಅಂತ ಹೊರಟಿದ್ದು ಧೇನು ಆಗಿ ಬರ್ತಿದೆ" ಎಂದಳು ಇವಳು.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಟ್ಯಾಲಿಯಾಗದ ಪೈಸೆ ಹುಡುಕಿದವನು ನಾನು, ಸುಮ್ಮನಿರುತ್ತೇನೆಯೇ? ಹುಡುಕಿದೆ, ಸಿಕ್ಕಿತು. ಷಡ್ಜದ ಕಂಪನ 240 ಎಂದಿಟ್ಟುಕೊಂಡರೆ ತಂಬೂರಿಯ ಗಾಂಧಾರ 300. ಆದರೆ ಮಗಳ ಕೀಬೋರ್ಡು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿಬಿಟ್ಟಿದೆ, ಅದರಲ್ಲಿ 302.4! ಲೆಕ್ಕದಲ್ಲಿ ಎರಡು ರೂಪಾಯಿ ನಲವತ್ತು ಪೈಸೆ ವ್ಯತ್ಯಾಸ.

"ಗಾಂಧಾರ ಎಲ್ಲಿದೆ ಅಂತ ನಿಮ್ಮಲ್ಲೇ ಒಮ್ಮತ ಇಲ್ಲ" ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ವಾದಿಸಿದೆ. "ಸ್ವರಸ್ಥಾನ ಸರಿಹೋಗಲ್ಲ, ಗಮಕ ಬರಲ್ಲ ಅಂತ ತಾನೇ 1940ರಲ್ಲಿ ರೇಡಿಯೋದವರು ಹಾರ್ಮೋನಿಯಂನ ಹೊರಗೆ ಹಾಕಿದ್ದು?"

"ಅಷ್ಟಕ್ಕೇ ಅದನ್ನ ಹೊರಗೆ ಹಾಕಿದ್ರಲ್ಲ, ನೀವಿನ್ನೂ ಹಾಲ್‌ನಲ್ಲೇ ಕೂತಿದ್ದೀರಿ" ಎಂದಳು. "300 ಬಿಡಿ, 302 ಬಿಡಿ. ನೀವಿರೋದು 288ರಲ್ಲಿ."

ಸಾಧಾರಣ ಗಾಂಧಾರ. ಗುಣಿಸಿ ನೋಡಿದೆ; ಸರಿಯಾಗಿ 288.

ನನ್ನನ್ನು ನಿಜಕ್ಕೂ ಕುಗ್ಗಿಸಿದ್ದು ಮಾತ್ರ ತಂಬೂರಿ. ನಾಲ್ಕು ತಂತಿ: ಒಂದು ಪಂಚಮ, ಎರಡು ಷಡ್ಜ, ಕೊನೆಗೊಂದು ಮಂದ್ರ ಷಡ್ಜ. ಗಾಂಧಾರದ ತಂತಿಯೇ ಇಲ್ಲ. ಆದರೆ ಕುದುರೆಯ ಮೇಲೆ ಜೀವಾಳಿ ಎಳೆ ಸರಿಯಾಗಿ ಕೂತರೆ, ಮಂದ್ರದ ತಂತಿ ತನ್ನ ಕಂಪನದ ಐದು ಪಟ್ಟಿನ ಒಂದು ಸಣ್ಣ ದನಿಯನ್ನೂ ಜೊತೆಯಲ್ಲೇ ಹೊರಡಿಸುತ್ತದೆ. ಅದೇ ಅಂತರ ಗಾಂಧಾರ. ಸ್ವಯಂಭೂ ಅನ್ನುತ್ತಾರೆ. ಯಾರೂ ಮೀಟದೆ, ಯಾರೂ ಕುತ್ತಿಗೆಯ ನರ ಉಬ್ಬಿಸದೆ ಅದು ಬಂದು ಕೂರುತ್ತದೆ. ಆರು ಮಕ್ಕಳಿಗೂ ಕೇಳಿಸುತ್ತದೆ. ನಾನೂ ಕೇಳಿಸುತ್ತದೆ ಎಂದು ತಲೆಯಾಡಿಸುತ್ತೇನೆ.

ಮೊನ್ನೆ ಬೆಳಿಗ್ಗೆ ಮಗಳು ತಂಬೂರಿ ಮೀಟುತ್ತಿದ್ದಳು. ಸ, ರಿ... ಗಾಂಧಾರಕ್ಕೆ ನಾಲ್ಕು ಸಲ ಹಾರಿದೆ, ನಾಲ್ಕು ಸಲವೂ ಚರಂಡಿ. ಗಂಟಲು ಒಣಗಿ ನೀರಿನ ಲೋಟ ಎತ್ತಿಕೊಂಡೆ.

"ಹಾಂ! ಈಗ ಕೂತಿದೆ ನೋಡಿ ಗಾಂಧಾರ!" ಒಗ್ಗರಣೆಯ ಸದ್ದಿನ ನಡುವೆ ಅಡುಗೆಮನೆಯಿಂದ ಕೂಗು. "ಹಾಗೇ ಹಿಡ್ಕೊಳ್ಳಿ, ಬಿಡಬೇಡಿ!"

ಲೋಟ ಹಿಡಿದುಕೊಂಡೇ ಇದ್ದೆ. ಮಗಳು ಮೀಟುವುದನ್ನು ನಿಲ್ಲಿಸದೆ ನನ್ನ ಕಡೆ ಬಾಗಿ ಪಿಸುಗುಟ್ಟಿದಳು: "ಅಪ್ಪ, ಬಾಯಿ ಬಿಡಬೇಡ."