ರೈಲು ಬಿಡುವವರೂ ವಿಮಾನ ಬಿಡುವವರೂ

ಕೊಂಕಣ ರೈಲ್ವೆ ಪೂರ್ತಿ ಓಡತೊಡಗಿದ್ದು 1998ರಲ್ಲಿ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಅದಕ್ಕಿಂತ ಬಹಳ ಮೊದಲೇ ರೈಲು ಬಿಡುವವರು ಧಾರಾಳವಾಗಿದ್ದರು. ಹಳಿ ಬೇಡ, ಇಂಜಿನ್ ಬೇಡ, ಅಂಗಡಿ ಜಗಲಿಯಲ್ಲಿ ಒಂದಿಷ್ಟು ಜಾಗ ಇದ್ದರೆ ಸಾಕು. ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವನು ರಜೆಗೆ ಬಂದು ಕೂತನೆಂದರೆ, ಸಿನಿಮಾ ನಟರೆಲ್ಲ ಅವನ ಹೆಗಲ ಮೇಲೆ ಕೈ ಹಾಕಿಕೊಂಡೇ ಶೂಟಿಂಗಿಗೆ ಹೊರಡುತ್ತಿದ್ದರು.

ಬ್ರಿಟಿಷ್ ವಾಯುಪಡೆಯವರು ಇದಕ್ಕೆ 'ಲೈನ್ ಶೂಟ್ ಮಾಡುವುದು' ಎನ್ನುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಎಷ್ಟೋ ಸ್ಕ್ವಾಡ್ರನ್ನುಗಳಲ್ಲಿ 'ಲೈನ್ ಬುಕ್' ಎಂಬ ಪುಸ್ತಕವೇ ಇತ್ತು. ಮೆಸ್ಸಿನಲ್ಲಿ ಯಾರಾದರೂ ಬಡಾಯಿ ಕೊಚ್ಚಿದರೆ ಆ ಮಾತನ್ನು ಆಡಿದ ಹಾಗೇ ಅದರಲ್ಲಿ ಬರೆದಿಡುವುದು. ನಮ್ಮೂರಿನ ಜಗಲಿಗೆ ಅಂಥದೊಂದು ಪುಸ್ತಕ ಇಟ್ಟಿದ್ದರೆ ಮಳೆಗಾಲ ಮುಗಿಯುವುದರೊಳಗೆ ಹತ್ತಾರು ಸಂಪುಟಗಳಾಗಿ, ಬಿಡುಗಡೆ ಸಮಾರಂಭಕ್ಕೆ ಅಧ್ಯಕ್ಷರನ್ನು ಹುಡುಕಬೇಕಾಗುತ್ತಿತ್ತು.

ಇದನ್ನೆಲ್ಲ ನನಗೆ ಹೇಳಿದವರು ಸೋದರಮಾವ. ವಾಯುಸೇನೆಯಲ್ಲಿದ್ದು ನಿವೃತ್ತರಾಗಿ ಊರಿಗೆ ಬಂದವರು. ಸೈನ್ಯದಿಂದ ಬಂದವರೆಲ್ಲ ನಮ್ಮಲ್ಲಿ 'ಮಿಲ್ಟ್ರಿ'ಗಳೇ. ಹಾಗಾಗಿ ಇವರು ಮಿಲ್ಟ್ರಿ ಮಾವ. "ವಿಮಾನ ಬಿಡ್ತಿದ್ರಾ?" ಎಂದು ಕೇಳದವರಿಲ್ಲ. ಮಾವ ಮೆಕ್ಯಾನಿಕ್ ಆಗಿದ್ದವರು. "ಬಿಡ್ತಿರಲಿಲ್ಲ, ಬಿಡೂ ಹಾಂಗ್ ಮಾಡ್ತಿದ್ದೆ" ಎನ್ನುತ್ತಿದ್ದರು. ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ಹಾರಾಟ ಗೊತ್ತಿಲ್ಲದ ಆಫೀಸರುಗಳನ್ನು ಬ್ರಿಟಿಷ್ ಪೈಲಟ್ಟುಗಳು 'ಪೆಂಗ್ವಿನ್' ಎಂದು ಕರೆಯುತ್ತಿದ್ದರಂತೆ: ರೆಕ್ಕೆ ಉಂಟು, ಹಾರಾಟ ಇಲ್ಲ. ನೆಲದ ಮೇಲೆ ದುಡಿಯುವ ಅತ್ಯಂತ ಕೆಳದರ್ಜೆಯವನು 'ಅರ್ಕ್'. ಈ ಹೆಸರನ್ನು ಮಾವ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ಅವರು ಬೋಲ್ಟು ಬಿಗಿಯುತ್ತಿದ್ದ 'ನ್ಯಾಟ್' ವಿಮಾನದ ರೆಕ್ಕೆಯ ಉದ್ದ ಈ ತುದಿಯಿಂದ ಆ ತುದಿಗೆ 22 ಅಡಿ. ಗಂಗೊಳ್ಳಿ ಬಂದರಿನಲ್ಲಿ ಅದಕ್ಕಿಂತ ಉದ್ದದ ದೋಣಿಗಳಿವೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ಜೆಟ್ಟುಗಳನ್ನು ಉರುಳಿಸಿ 'ಸೇಬರ್ ಸ್ಲೇಯರ್' ಎನ್ನಿಸಿಕೊಂಡದ್ದು ಈ ಪುಟಾಣಿಯೇ. ಅದರ ಹೆಸರಿನ ಅರ್ಥ ನುಸಿ ಎಂದು ಮಾವ ಒಮ್ಮೆ ಬಾಯಿಬಿಟ್ಟರು. ಮರುದಿನದಿಂದ ಊರಿನಲ್ಲಿ ಅವರ ಹುದ್ದೆ ನುಸಿ ರಿಪೇರಿ ಎಂದಾಯಿತು.

ನಮ್ಮ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು, ಬ್ರಿಟಿಷರ ಕೈಯಲ್ಲಿ. ಬರ್ಮಾದ ಮೇಲೆ ಹಾರಿದ ಭಾರತೀಯ ಹುಡುಗರಿಗೆ ಯೂನಿಫಾರ್ಮಿನ ಜತೆ ಆ ಪಡೆಯ ಬಾಯಿಮಾತೂ ಬಂತು. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಂತೂ ಯುದ್ಧಕಾಲದಲ್ಲಿ ಅಮೆರಿಕದವರ ವಿಮಾನಗಳು ದುರಸ್ತಿಗೆ ಬರುತ್ತಿದ್ದವು. ನೀರಿಗಿಳಿಯುವ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಗೇ ಇಳಿಯುತ್ತಿದ್ದವು. ಬೆಂಕಿ ಹತ್ತಿಕೊಳ್ಳುವ ಕೆರೆ ಎಂದು ಈಚೆಗೆ ಪೇಪರಿನಲ್ಲಿ ಬರುತ್ತಿತ್ತಲ್ಲ, ಅದೇ.

ಬ್ರಿಟಿಷ್ ವಾಯುಪಡೆಯ ಆ ಬಾಯಿಮಾತಿನ ಗುಟ್ಟು ಇಷ್ಟೇ: ದೊಡ್ಡದನ್ನೆಲ್ಲ ಸಣ್ಣದು ಮಾಡುವುದು. ವಿಮಾನ ಎಂದರೆ 'ಕೈಟ್', ಗಾಳಿಪಟ. ಅದು ನೆಲಕ್ಕಪ್ಪಳಿಸಿ ಚೂರಾದರೆ 'ಪ್ರ್ಯಾಂಗ್'. ನಾವಾದರೆ ಗೋತಾ ಎನ್ನುತ್ತಿದ್ದೆವು. ಗಾಳಿಪಟಕ್ಕೆ ಅದೇ ಸರಿಯಾದ ಮಾತು, ಪರೀಕ್ಷೆಗೂ ನಡೆಯುತ್ತದೆ. ಸಮುದ್ರಕ್ಕೆ ಅವರ ಹೆಸರು 'ಡ್ರಿಂಕ್'! ಪೈಲಟ್ ಸಮುದ್ರಕ್ಕೆ ಬಿದ್ದರೆ ಪಾನೀಯಕ್ಕೆ ಬಿದ್ದ ಎಂದೇ ವರದಿ. ಸತ್ತರೆ 'ಬರ್ಟನ್ನಿಗೆ ಹೋದ'. ಬರ್ಟನ್ ಎಂಬುದು ಬಿಯರಿಗೆ ಹೆಸರಾದ ಇಂಗ್ಲೆಂಡಿನ ಒಂದು ಊರು.

ಉಡಾಫೆ ಅನ್ನಿಸಬಹುದು. ಆದರೆ ಬ್ರಿಟಿಷರ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ ಸತ್ತವರು 55,573. ಬೆಳಿಗ್ಗೆ ಎದುರು ಕೂತು ಮೊಟ್ಟೆ ತಿಂದವನ ಕುರ್ಚಿ ಮರುದಿನ ಖಾಲಿ. ಆ ಖಾಲಿ ಕುರ್ಚಿಗೆ ಇದ್ದದ್ದಿದ್ದ ಹಾಗೆ ಹೆಸರಿಟ್ಟರೆ ಅವತ್ತು ಸಂಜೆ ವಿಮಾನ ಹತ್ತುವುದು ಹೇಗೆ? ಇದು ನಮಗೆ ತಿಳಿಯದ ವಿದ್ಯೆಯಲ್ಲ. ರಾತ್ರಿ ಹೊತ್ತು ಹಾವು ಎನ್ನದೆ ಹುಳ ಎನ್ನುವವರು ನಾವು. ದೀಪ ಆರಿಸು ಎಂದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. ನಮ್ಮ ಕಡೆಯ ಮನುಷ್ಯ ಜಗಲಿಯಲ್ಲಿ ಎಷ್ಟೇ ರೈಲು ಬಿಡಲಿ, ಎದೆ ಹಿಡಿದುಕೊಂಡು ಡಾಕ್ಟರ ಮುಂದೆ ಕೂತಾಗ "ಹಾಂಗೆಂತ ಇಲ್ಲ, ಸ್ವಲ್ಪ ಗ್ಯಾಸ್" ಎಂದೇ ಹೇಳುತ್ತಾನೆ. ಬಡಾಯಿ ಏನಿದ್ದರೂ ಸುಖದ ವಿಷಯಕ್ಕೆ. ಕಷ್ಟಕ್ಕೆ ಅರ್ಧ ವಾಕ್ಯ ಸಾಕು.

ಒಮ್ಮೆ ಮಾವ ಕಾಗದವೊಂದನ್ನು ಓದಿ ಮಡಚುತ್ತ, ಹಳೆಯ ಜತೆಗಾರನೊಬ್ಬ ಬರ್ಟನ್ನಿಗೆ ಹೋದ ಎಂದರು. ಅತ್ತೆ ಒಳಗಿನಿಂದ, "ಹ್ವಾಯ್, ಯಾವತ್ತ್ ಬತ್ರಂಬ್ರ್?" ಎಂದು ಕೇಳಿದರು. ಊರಿಗೆ ಬಂದಾಗ ಊಟಕ್ಕೆ ಕರೆಯಬೇಕೆಂದು ಅವರ ಲೆಕ್ಕ.

ಅತ್ತೆಗೆ ಹೆಚ್ಚು ತಾಪತ್ರಯ ಕೊಟ್ಟದ್ದು 'ಗ್ರೆಮ್ಲಿನ್'. ವಿಮಾನದೊಳಗೆ ಹೊಕ್ಕು ತಂತಿ ಕಡಿಯುವ, ಇಂಜಿನ್ ಕೆಮ್ಮಿಸುವ ಕುಳ್ಳ ಪಿಶಾಚಿ ಅದು. ಮೆಕ್ಯಾನಿಕ್ ಎಷ್ಟು ಹುಡುಕಿದರೂ ಸಿಗದ ದೋಷಕ್ಕೆಲ್ಲ ಅದೇ ಕಾರಣ. ಪೈಲಟ್ ಆಗಿದ್ದ ರೋಲ್ಡ್ ಡಾಲ್ 1943ರಲ್ಲಿ ಈ ಗ್ರೆಮ್ಲಿನ್‌ಗಳ ಮೇಲೆ ಮಕ್ಕಳ ಪುಸ್ತಕವನ್ನೇ ಬರೆದ. ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತ ಕೂತರೆ ಪೈಲಟ್ಟಿಗೂ ಮೆಕ್ಯಾನಿಕ್ಕಿಗೂ ಮಾತು ಬಿಟ್ಟುಹೋಗುತ್ತದೆ. ಪಿಶಾಚಿಯ ಮೇಲೆ ಹಾಕಿದರೆ ಇಬ್ಬರೂ ಕೂಡಿ ಬೈಯಬಹುದು. ಒಳ್ಳೆಯ ಏರ್ಪಾಡು, ಸರಕಾರಿ ಕಚೇರಿಗಳೂ ಗಮನಿಸಬಹುದು.

ತೋಟದ ಪಂಪು ನೀರೆತ್ತದ ಒಂದು ದಿನ ಮಾವ, "ಗ್ರೆಮ್ಲಿನ್ ಹೊಕ್ಕಿತ್ತ್" ಎಂದು ಘೋಷಿಸಿ ಸ್ಪ್ಯಾನರ್ ಹುಡುಕಲು ಹೋದರು. ಅವರು ಬರುವುದರೊಳಗೆ ಅತ್ತೆ ಊರಿನ ದೈವ ಹಾಯ್ಗುಳಿಗೆ ಹರಕೆ ಹೇಳಿಕೊಂಡಾಗಿತ್ತು. ಬಾವಿಗಿಳಿದು ನೋಡಿದರೆ ಫುಟ್‌ವಾಲ್ವಿನಲ್ಲಿ ಕಪ್ಪೆ. ಪಂಪು ಓಡಿದ ಶ್ರೇಯಸ್ಸು ಮಾತ್ರ ಹಾಯ್ಗುಳಿಗೇ ಸಂದಿತು. ಹರಕೆಯ ಕೋಳಿಯ ಖರ್ಚು ಮಾವನದು.

ಎದೆಗೆ ಕಟ್ಟಿಕೊಂಡು ಗಾಳಿ ತುಂಬಿಸುವ ಜೀವರಕ್ಷಕ ಜಾಕೆಟ್ಟನ್ನು ಪೈಲಟ್ಟುಗಳು ಅಮೆರಿಕದ ನಟಿ ಮೇ ವೆಸ್ಟ್ ಹೆಸರಿನಿಂದ ಕರೆಯುತ್ತಿದ್ದರು. ಉಬ್ಬಿದ ಜಾಕೆಟ್ಟಿಗೂ ಆಕೆಗೂ ಏನು ಸಂಬಂಧ ಎಂಬುದನ್ನು ಮಾವ ಅತ್ತೆಗೆ ಕೊನೆಯವರೆಗೂ ವಿವರಿಸಲಿಲ್ಲ. ಯಾರೋ ಪುಣ್ಯಾತ್ಗಿತ್ತಿ ಪೈಲಟ್ಟುಗಳಿಗೆ ಜಾಕೆಟ್ ಹೊಲಿದುಕೊಟ್ಟಳೆಂದು ಅತ್ತೆ ನಂಬಿದ್ದರು.

ಇಷ್ಟೆಲ್ಲ ವಿಲಾಯತಿ ಮಾತುಗಳ ನಡುವೆ ನಮ್ಮ ದೇಶದವೂ ಕೆಲವು ಇದ್ದವು. ಹಿಂದಿಯ 'ದೇಖೋ' ಬ್ರಿಟಿಷರ ಬಾಯಲ್ಲಿ 'ಡೆಕ್ಕೊ' ಆಯಿತು, ಖಚಿತ ಸುದ್ದಿ 'ಪಕ್ಕಾ ಜೆನ್' ಆಯಿತು. ಕುಂದಾಪ್ರ ಕನ್ನಡ ಬಿಟ್ಟು ಬೇರೇನೂ ಬಾರದ ಮಾವನಿಗೆ ಸೇನೆ ಸೇರಿದ ಹೊಸತರಲ್ಲಿ ಇಂಗ್ಲಿಷೂ ಒಂದೇ, ಹಿಂದಿಯೂ ಒಂದೇ. 'ಒಂದ್ಸಲ ಕಾಂಬ' ಎಂದು ಇವರು, 'ಡೆಕ್ಕೊ' ಎಂದು ಸಾರ್ಜೆಂಟ್. ಇಬ್ಬರೂ ಹೇಳುತ್ತಿದ್ದದ್ದು ಅದನ್ನೇ ಎಂದು ತಿಳಿಯಲು ತಿಂಗಳುಗಳೇ ಬೇಕಾದವಂತೆ. ಚಹಾಕ್ಕೆ ಮಾತ್ರ ಅಲ್ಲಿಯೂ 'ಚಾ', ಇಲ್ಲಿಯೂ ಚಾ. ಅದು ಅರ್ಥವಾದ ಖುಷಿಗೆ ಮೊದಲ ದಿನ ಎರಡು ಲೋಟ ಕೇಳಿ ಕುಡಿದರಂತೆ. ಎರಡನೆಯದರ ದುಡ್ಡು ಸಂಬಳದಲ್ಲಿ ಕಡಿದರು ಎಂದೂ ಹೇಳುತ್ತಿದ್ದರು, ಅದು ಲೈನ್ ಬುಕ್ಕಿಗೆ ಸೇರುವ ಮಾತಿರಬೇಕು.